ಎದ್ದು ನಿಲ್ಲುವ ಬಲ: ನಲವತ್ತು ದಾಟಿದವರಿಗೆ ಸ್ನಾಯುಗಳ ಸಮಗ್ರ ಮಾರ್ಗದರ್ಶಿ

ಮದುವೆ ಮನೆಯಲ್ಲಿ ನೆಲದ ಮೇಲೆ ಎಲೆ ಹಾಕಿದ್ದಾರೆ ಎಂದು ಗೊತ್ತಾದರೆ ಸಾಕು, ಈಗ ಐವತ್ತರ ಆಸುಪಾಸಿನವರೂ ಟೇಬಲ್ ಪಂಕ್ತಿ ಎಲ್ಲಿದೆ ಎಂದು ವಿಚಾರಿಸುತ್ತಾರೆ. ಕೂರುವುದು ಹೇಗೋ ಆಗುತ್ತದೆ, ಏಳುವುದೇ ಪಜೀತಿ. ಪಕ್ಕದವರ ಹೆಗಲಿಗೆ ಕೈ ಕೊಟ್ಟು, ಒಂದು ಮೊಣಕಾಲೂರಿ, ‘ಅಯ್ಯಪ್ಪಾ’ ಎಂದು ಎದ್ದಮೇಲೆ ಎಲ್ಲರೂ ಬಯ್ಯುವುದು ಮೊಣಕಾಲನ್ನು. ಬಹಳ ಸಲ ತಪ್ಪು ಮೊಣಕಾಲಿನದಲ್ಲ. ದೇಹವನ್ನು ಮೇಲೆತ್ತಬೇಕಾದ ತೊಡೆಯ ಮತ್ತು ಪೃಷ್ಠದ ಸ್ನಾಯುಗಳು ಕೆಲಸವಿಲ್ಲದೆ ಸೊರಗಿರುತ್ತವೆ.

ಒರಳು ಹೋಗಿ ಮಿಕ್ಸಿ ಬಂತು, ಬಾವಿ ಹೋಗಿ ಸಂಪಿನ ಮೋಟರು ಬಂತು, ಕುಕ್ಕರಗಾಲಲ್ಲಿ ಕೂತು ನೆಲ ಒರೆಸುವ ಬಟ್ಟೆ ಹೋಗಿ ಮಾಪು ಬಂತು, ಕೊನೆಗೆ ಕಮೋಡೂ ಬಂತು. ಒರಳಿನಲ್ಲಿ ರುಬ್ಬಿದ ಹೆಂಗಸರನ್ನು ಕೇಳಿ ನೋಡಿ, ಆ ಕಾಲ ವಾಪಸು ಬರಲಿ ಎಂದು ಯಾರೂ ಹೇಳುವುದಿಲ್ಲ. ನಾನೂ ಹೇಳುತ್ತಿಲ್ಲ. ಆದರೆ ದಿನಕ್ಕೆ ಹತ್ತಾರು ಸಲ ಬೀಳುತ್ತಿದ್ದ ಭಾರ ನಿಂತುಹೋಯಿತು, ಅದರ ಜಾಗಕ್ಕೆ ಬೇರೇನೂ ಬರಲಿಲ್ಲ. ಆ ಭಾರವನ್ನು ವಾರಕ್ಕೆ ಎರಡು ಮೂರು ದಿನ, ಮನೆಯಲ್ಲೇ, ಹೆಚ್ಚು ಖರ್ಚಿಲ್ಲದೆ ವಾಪಸು ತರುವುದು ಹೇಗೆ ಎಂಬುದೇ ಈ ಬರಹ.

ಮೊದಲ ಹೆಜ್ಜೆ: ನೀವು ಎಲ್ಲಿದ್ದೀರಿ ನೋಡಿಕೊಳ್ಳಿ

ಗೋಡೆಗೆ ಒರಗಿಸಿದ, ಕೈಯಿಲ್ಲದ, ಅಲ್ಲಾಡದ ಒಂದು ಕುರ್ಚಿ ತೆಗೆದುಕೊಳ್ಳಿ. ಸೀಟು ನೆಲದಿಂದ ಸುಮಾರು 43 ಸೆಂಟಿಮೀಟರ್ ಎತ್ತರದಲ್ಲಿರಲಿ, ಅಂದರೆ ಮಾಮೂಲಿ ಊಟದ ಟೇಬಲ್ಲಿನ ಕುರ್ಚಿ. ಸೋಫಾ ಬೇಡ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡವಾಗಿ ಕಟ್ಟಿ, ಐದು ಸಲ ಪೂರ್ತಿ ಎದ್ದು ನಿಂತು ಕೂರಿ. ಮನೆಯವರು ಯಾರಾದರೂ ಮೊಬೈಲಿನಲ್ಲಿ ಸಮಯ ನೋಡಲಿ. ಏಷ್ಯಾದ ತಜ್ಞರ ತಂಡವೊಂದು 2019ರಲ್ಲಿ ಒಪ್ಪಿಕೊಂಡ ಅಳತೆಯಂತೆ, ಹಿರಿಯರಲ್ಲಿ ಇದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಕಾಲಿನ ಸ್ನಾಯು ಸೋಲುತ್ತಿದೆ ಎಂಬುದರ ಸೂಚನೆ. ನಲವತ್ತೈದರಲ್ಲೇ ಅಷ್ಟು ಹೊತ್ತು ಹಿಡಿದರೆ ಈ ಬರಹ ನಿಮಗಾಗಿಯೇ ಇದೆ. ಕೈ ಊರದೆ ಒಂದು ಸಲವೂ ಏಳಲಾಗದಿದ್ದರೆ ಹೆದರಬೇಕಿಲ್ಲ. ನಿಮ್ಮ ಶುರು ಅಲ್ಲಿಂದ, ಅಷ್ಟೇ.

ಇನ್ನೊಂದು ಪರೀಕ್ಷೆಗೆ ದರ್ಜಿಯ ಟೇಪು ಬೇಕು. ಮೀನಖಂಡ ಎಲ್ಲಿ ಹೆಚ್ಚು ದಪ್ಪಗಿದೆಯೋ ಅಲ್ಲಿ ಸುತ್ತಳತೆ ತೆಗೆಯಿರಿ. ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಗಮನ ಕೊಡಬೇಕು ಎನ್ನುತ್ತದೆ ಅದೇ ತಂಡ. ಟೇಪು ಇಲ್ಲದವರಿಗೆ ಜಪಾನಿನವರ ಉಪಾಯವಿದೆ: ಎರಡೂ ಕೈಗಳ ಹೆಬ್ಬೆರಳು, ತೋರುಬೆರಳು ಸೇರಿಸಿ ಬಳೆಯಂತೆ ಮಾಡಿ ಮೀನಖಂಡವನ್ನು ಸುತ್ತಿ ಹಿಡಿಯಿರಿ. ಬೆರಳುಗಳು ಕೂಡಿಕೊಂಡು ಒಳಗೆ ಸಂದು ಉಳಿದರೆ ಕಾಲು ಸಣ್ಣಗಾಗಿದೆ ಎಂದು ಅರ್ಥ.

ಇದನ್ನೆಲ್ಲ ಯಾಕೆ ಮಾಡಬೇಕು, ತೂಕದ ಯಂತ್ರ ಇಲ್ಲವೇ ಎಂದು ಕೇಳಬಹುದು. ತೂಕದ ಯಂತ್ರ ಸ್ನಾಯುವಿನ ಸುದ್ದಿ ಹೇಳುವುದಿಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಜಾನ್ ಯುಡ್ಕಿನ್ ತಮ್ಮಿಬ್ಬರ ಅಳತೆಗಳನ್ನು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪಕ್ಕಪಕ್ಕ ಇಟ್ಟು ತೋರಿಸಿದರು. ಎತ್ತರಕ್ಕೆ ತಕ್ಕ ತೂಕ ಎಷ್ಟಿದೆ ಎಂದು ಹೇಳುವ ಬಿಎಂಐ ಇಬ್ಬರದೂ ಒಂದೇ, 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು 9.1 ಪ್ರತಿಶತ, ಯಾಜ್ಞಿಕ್ ದೇಹದಲ್ಲಿ 21.2 ಪ್ರತಿಶತ. ನೋಡಲು ತೆಳ್ಳಗೆ, ಒಳಗೆ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ: ನಮ್ಮ ಕಡೆಯ ದೇಹಗಳ ಕಥೆ ಸಾಮಾನ್ಯವಾಗಿ ಇದೇ. ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಯನ್ನು ಹೀರಿಕೊಂಡು ಕೂಡಿಟ್ಟುಕೊಳ್ಳುವ ದೊಡ್ಡ ಉಗ್ರಾಣ ಸ್ನಾಯುವೇ. ಉಗ್ರಾಣ ಸಣ್ಣದಾದಷ್ಟೂ ಸಕ್ಕರೆ ಕಾಯಿಲೆಗೆ ದಾರಿ ಸಲೀಸು.

ಒಳಗೆ ನಡೆಯುವುದೇನು

ದೇಹದಲ್ಲಿ ಮೂರು ಬಗೆಯ ಸ್ನಾಯುಗಳಿವೆ. ಹೃದಯದ್ದು ಒಂದು, ಕರುಳು ಮತ್ತು ರಕ್ತನಾಳಗಳ ಗೋಡೆಯದು ಒಂದು. ಇವೆರಡೂ ನಮ್ಮ ಮಾತು ಕೇಳುವುದಿಲ್ಲ. ಮಾತು ಕೇಳುವುದು ಮೂಳೆಗೆ ಅಂಟಿಕೊಂಡ ಮೂರನೆಯದು. ಇಂಥವು ಆರುನೂರಕ್ಕೂ ಹೆಚ್ಚು. ಆರೋಗ್ಯವಂತ ತರುಣನ ತೂಕದಲ್ಲಿ ಸುಮಾರು 40 ಪ್ರತಿಶತ ಇವುಗಳದೇ.

ಸ್ನಾಯುವಿಗೆ ಎಳೆಯುವುದು ಮಾತ್ರ ಗೊತ್ತು, ತಳ್ಳುವುದು ಗೊತ್ತಿಲ್ಲ. ಅದಕ್ಕೇ ಅವು ಜೋಡಿಯಾಗಿ ಇರುತ್ತವೆ. ತೋಳಿನ ಮುಂದಿನ ಸ್ನಾಯು ಎಳೆದರೆ ಮೊಣಕೈ ಮಡಚುತ್ತದೆ, ಹಿಂದಿನದು ಎಳೆದರೆ ನೇರವಾಗುತ್ತದೆ. ಕನ್ನಡಿಯಲ್ಲಿ ಕಾಣುವ ಮುಂದಿನದನ್ನೇ ಉಬ್ಬಿಸಿಕೊಂಡು ಹಿಂದಿನದನ್ನು ಮರೆತ ಹುಡುಗರು ಜಿಮ್ಮುಗಳಲ್ಲಿ ಬೇಕಾದಷ್ಟು ಸಿಗುತ್ತಾರೆ.

ಎಳೆಯುವ ಕೆಲಸ ನಡೆಯುವುದು ಹೀಗೆ. ಮೆದುಳಿನಿಂದ ಹೊರಟ ಸಂದೇಶ ಬೆನ್ನುಹುರಿಯಿಂದ ನರದ ತುದಿಗೆ ಬರುತ್ತದೆ. ಅಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸುರಿಯುತ್ತದೆ. ಅದರಿಂದ ಸ್ನಾಯುಕೋಶದ ಪೊರೆಯ ಮೇಲೆ ವಿದ್ಯುತ್ತು ಹರಿದು, ಒಳಗಿನ ಚೀಲಗಳಲ್ಲಿ ಕೂಡಿಟ್ಟಿದ್ದ ಕ್ಯಾಲ್ಸಿಯಂ ಹೊರಬರುತ್ತದೆ. ಪ್ರತಿ ಸ್ನಾಯುಎಳೆಯೊಳಗೂ ಆಕ್ಟಿನ್ ಎಂಬ ತೆಳು ತಂತು, ಮಯೋಸಿನ್ ಎಂಬ ದಪ್ಪ ತಂತು ಒಂದರೊಳಗೊಂದು ತೂರಿಕೊಂಡಿರುತ್ತವೆ. ಕ್ಯಾಲ್ಸಿಯಂ ಬಂದೊಡನೆ ಆಕ್ಟಿನ್ ಮೇಲಿನ ಹಿಡಿಕೆಗಳು ತೆರೆದುಕೊಳ್ಳುತ್ತವೆ. ಬಾವಿಯಿಂದ ನೀರು ಸೇದುವವರು ಒಂದು ಕೈ ಬಿಟ್ಟು ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ಎಳೆಯುವಂತೆ, ಮಯೋಸಿನ್ನಿನ ಸಾವಿರಾರು ಸಣ್ಣ ತಲೆಗಳು ಆಕ್ಟಿನ್ನನ್ನು ಹಿಡಿದು, ಎಳೆದು, ಬಿಟ್ಟು, ಮತ್ತೆ ಮುಂದೆ ಹಿಡಿಯುತ್ತವೆ. ಒಂದು ಎಳೆತಕ್ಕೆ ಸರಿಯುವುದು 5ರಿಂದ 10 ನ್ಯಾನೋಮೀಟರ್ (ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು). ಲಕ್ಷಾಂತರ ಎಳೆತ ಕೂಡಿದಾಗ ನೀವು ಕುರ್ಚಿಯಿಂದ ಎದ್ದಿರುತ್ತೀರಿ. ತಂತುಗಳು ತಾವು ಕುಗ್ಗುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ ಎಂಬ ಈ ಸಂಗತಿ 1954ರಲ್ಲಿ ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳಿಂದ ಹೊರಬಂತು. ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್‌ಗರ್ಕೆ ಒಂದು ಕಡೆ, ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದು ಕಡೆ. ಇಬ್ಬರು ಹಕ್ಸ್‌ಲಿಗಳೂ ನೆಂಟರಲ್ಲ.

ಇಲ್ಲೊಂದು ವಿಚಿತ್ರವಿದೆ. ಎಟಿಪಿ ಎಂಬ ಇಂಧನ ಹಿಡಿಯುವುದಕ್ಕಲ್ಲ, ಹಿಡಿತ ಬಿಡುವುದಕ್ಕೆ ಬೇಕು. ಜೀವ ಹೋದಮೇಲೆ ಎಟಿಪಿ ತಯಾರಾಗುವುದು ನಿಲ್ಲುತ್ತದೆ, ಹಿಡಿದ ತಲೆಗಳು ಬಿಡುವುದೇ ಇಲ್ಲ, ಹೆಣ ಸೆಟೆದುಕೊಳ್ಳುತ್ತದೆ. ಬದುಕಿರುವಾಗಲೂ ಸ್ನಾಯುವಿನಲ್ಲಿ ಸಿದ್ಧವಿರುವ ಎಟಿಪಿ ಕೆಲವೇ ಸೆಕೆಂಡಿನ ಸರಕು. ಕ್ರಿಯಾಟಿನ್ ಫಾಸ್ಫೇಟ್ ಎಂಬ ಮೀಸಲು ಇನ್ನೊಂದಿಷ್ಟು ಸೆಕೆಂಡು ತಳ್ಳುತ್ತದೆ. ಆಮೇಲೆ ಸ್ನಾಯುವಿನಲ್ಲೇ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, ಉರಿಯಬೇಕು, ಕೆಲಸ ಲಂಬಿಸಿದರೆ ಆಮ್ಲಜನಕದ ನೆರವಿನಲ್ಲಿ ಕೊಬ್ಬೂ ಉರಿಯಬೇಕು. ಬಸ್ಸಿಗೆ ಓಡಿದ ಅರ್ಧ ನಿಮಿಷಕ್ಕೇ ತೊಡೆ ಉರಿಯುವುದಕ್ಕೂ, ಅದೇ ತೊಡೆ ಧರ್ಮಸ್ಥಳದವರೆಗೆ ಪಾದಯಾತ್ರೆ ಮಾಡುವುದಕ್ಕೂ ಈ ಬೇರೆ ಬೇರೆ ಇಂಧನವೇ ಕಾರಣ.

ವಾಕಿಂಗ್ ಯಾಕೆ ಸಾಲದು

ಈ ಭಾಗವನ್ನು ಹಾರಿಸಿ ಓದಬೇಡಿ. ಇದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಕೂಡಿಕೊಳ್ಳುತ್ತದೆ.

ಒಂದು ನರಕೋಶ ಮತ್ತು ಅದು ಆಳುವ ಸ್ನಾಯುಎಳೆಗಳು ಸೇರಿ ಒಂದು ಗುಂಪು. ಕಣ್ಣು ತಿರುಗಿಸುವ ಸ್ನಾಯುವಿನಲ್ಲಿ ಒಂದು ಗುಂಪಿಗೆ ಹತ್ತಾರು ಎಳೆ, ಮೀನಖಂಡದಲ್ಲಿ ಸಾವಿರಕ್ಕೂ ಹೆಚ್ಚು. ಸಣ್ಣ ಗುಂಪುಗಳ ಎಳೆಗಳು ನಿಧಾನ, ಆದರೆ ದಣಿಯುವುದಿಲ್ಲ. ದೊಡ್ಡ ಗುಂಪುಗಳವು ಚುರುಕು, ಬಲಶಾಲಿ, ಬೇಗ ಸುಸ್ತಾಗುತ್ತವೆ. ನರವಿಜ್ಞಾನಿ ಎಲ್ವುಡ್ ಹೆನ್ನೆಮನ್ ಮತ್ತು ಜೊತೆಗಾರರು 1960ರ ದಶಕದಲ್ಲಿ ತೋರಿಸಿಕೊಟ್ಟಂತೆ, ನರಮಂಡಲ ಯಾವಾಗಲೂ ಸಣ್ಣ ಗುಂಪುಗಳನ್ನು ಮೊದಲು ಕರೆಯುತ್ತದೆ. ಅವರಿಂದ ಆಗದಿದ್ದರೆ ಮಾತ್ರ ದೊಡ್ಡವರಿಗೆ ಕರೆ ಹೋಗುತ್ತದೆ.

ಈಗ ಯೋಚಿಸಿ. ಬೆಳಗ್ಗೆ ಲಾಲ್‌ಬಾಗಿನಲ್ಲಿ ಮಾತಾಡಿಕೊಂಡು ಒಂದು ಗಂಟೆ ನಡೆದರೆ ಸಣ್ಣ ಗುಂಪುಗಳೇ ಕೆಲಸ ಮುಗಿಸುತ್ತವೆ. ದೊಡ್ಡ ಗುಂಪುಗಳಿಗೆ ಕರೆಯೇ ಹೋಗುವುದಿಲ್ಲ. ವಯಸ್ಸಾಗುತ್ತ ಮೊದಲು ಸೊರಗುವುದು ಈ ಚುರುಕು ಎಳೆಗಳೇ. ಎಡವಿದಾಗ ತಟಕ್ಕನೆ ಕಾಲು ಮುಂದಿಟ್ಟು ಬೀಳದಂತೆ ತಡೆಯುವುದು ಇವು. ಬಚ್ಚಲಲ್ಲಿ ಜಾರಿದ ಅಜ್ಜ ಸೊಂಟ ಮುರಿದುಕೊಳ್ಳುವುದಕ್ಕೂ, ಅದೇ ಬಚ್ಚಲಲ್ಲಿ ಜಾರಿದ ಮೊಮ್ಮಗ ಗೋಡೆ ಹಿಡಿದು ನಿಲ್ಲುವುದಕ್ಕೂ ಇಲ್ಲೇ ವ್ಯತ್ಯಾಸ.

ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ವಾಕಿಂಗ್ ಒಳ್ಳೆಯದು, ಬಿಡಬೇಡಿ. ಆದರೆ ಮೊಬೈಲಿನಲ್ಲಿ ಹತ್ತು ಸಾವಿರ ಹೆಜ್ಜೆ ತೋರಿಸಿತು ಎಂದು ಸ್ನಾಯುವಿನ ಲೆಕ್ಕವೂ ಚುಕ್ತಾ ಆಯಿತು ಅಂದುಕೊಳ್ಳುವುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷದ ಬಿರುಸು ನಡಿಗೆಯಂಥ ಚಟುವಟಿಕೆಯನ್ನು ಹೇಳಿ ಸುಮ್ಮನಾಗುವುದಿಲ್ಲ. ಎಲ್ಲ ದೊಡ್ಡ ಸ್ನಾಯುಗಳಿಗೂ ಭಾರ ಬೀಳುವ ವ್ಯಾಯಾಮ ವಾರಕ್ಕೆ ಕನಿಷ್ಠ ಎರಡು ದಿನ ಬೇಕು ಎನ್ನುತ್ತದೆ. 65 ದಾಟಿದವರಿಗೆ ಸಮತೋಲನ ಮತ್ತು ಬಲದ ಅಭ್ಯಾಸ ಮೂರು ದಿನ.

ವಯಸ್ಸು ಮೀರಿತು ಎನ್ನುವವರಿಗೆ ಒಂದು ಉದಾಹರಣೆ. ಮಾರಿಯಾ ಫಿಯಾಟರೋನ್ ಮತ್ತು ಸಂಗಡಿಗರು 1990ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದ್ದವರು ಆರೈಕೆ ಕೇಂದ್ರವೊಂದರಲ್ಲಿದ್ದ, ಸರಾಸರಿ 90 ವರ್ಷದ, ನಿಶ್ಶಕ್ತ 10 ಮಂದಿ. 8 ವಾರ ಕಾಲಿಗೆ ಭಾರದ ತರಬೇತಿ ಕೊಟ್ಟರು. ಪೂರ್ತಿ ಮುಗಿಸಿದ 9 ಮಂದಿಯ ಬಲ ಸರಾಸರಿ 174 ಪ್ರತಿಶತ ಏರಿತು. ತೊಡೆಯ ಸ್ನಾಯುವಿನ ಗಾತ್ರ ಹೆಚ್ಚಿದ್ದು 9 ಪ್ರತಿಶತ ಮಾತ್ರ. ಈ ಎರಡು ಅಂಕಿಗಳ ನಡುವಿನ ಅಂತರ ಗಮನಿಸಿ: ಮೊದಲ ವಾರಗಳಲ್ಲಿ ಏರುವ ಬಲ ಬಹುಪಾಲು ನರಗಳದ್ದು. ಮಲಗಿದ್ದ ದೊಡ್ಡ ಗುಂಪುಗಳನ್ನು ಕರೆಯುವುದನ್ನು ಅವು ಮತ್ತೆ ಕಲಿಯುತ್ತವೆ. ಹಾಗಾಗಿ ಎರಡು ವಾರಕ್ಕೆ ಕನ್ನಡಿಯ ಮುಂದೆ ನಿಂತು ಬೇಸರ ಪಡಬೇಡಿ. ಮೆಟ್ಟಿಲು ಹತ್ತುವಾಗ ಗೊತ್ತಾಗುತ್ತದೆ.

ಎರಡನೇ ಹೆಜ್ಜೆ: ಮನೆಯಲ್ಲೇ ಆರು ಚಲನೆಗಳು

ಎದೆನೋವು, ಹಿಡಿತಕ್ಕೆ ಬಾರದ ಬಿಪಿ, ಇತ್ತೀಚಿನ ಶಸ್ತ್ರಚಿಕಿತ್ಸೆ, ಮೂಳೆ ಸವೆತದಿಂದ ಹಿಂದೆ ಆದ ಮುರಿತ ಇದ್ದವರು ಮೊದಲು ವೈದ್ಯರನ್ನು ಕೇಳಿ. ಉಳಿದವರು ಐದು ನಿಮಿಷ ಮನೆಯಲ್ಲೇ ಅಡ್ಡಾಡಿ, ಕೈಕಾಲು ತಿರುಗಿಸಿ, ಮೈ ಬೆಚ್ಚಗೆ ಮಾಡಿಕೊಂಡು ಶುರು ಮಾಡಿ.

ಮೊದಲನೆಯದು ಕುರ್ಚಿಯಿಂದ ಏಳುವುದು. ಇದೊಂದನ್ನು ಸರಿಯಾಗಿ ಕಲಿತರೆ ಅರ್ಧ ಕೆಲಸ ಮುಗಿದಂತೆ. ಸೀಟಿನ ಮುಂದಿನ ಅರ್ಧಕ್ಕೆ ಸರಿದು ಕೂರಿ. ಪಾದಗಳು ಸೊಂಟದಷ್ಟು ಅಗಲಕ್ಕೆ ಇರಲಿ, ಹಿಮ್ಮಡಿ ಮೊಣಕಾಲಿಗಿಂತ ಸ್ವಲ್ಪ ಹಿಂದಿರಲಿ. ಬೆನ್ನು ಗೂನು ಮಾಡದೆ ಸೊಂಟದಿಂದಲೇ ಮುಂದೆ ಬಾಗಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವವರೆಗೆ. ಈಗ ಹಿಮ್ಮಡಿಯಿಂದ ನೆಲವನ್ನು ಒತ್ತಿ ಎದ್ದೇಳಿ, ಉಸಿರು ಬಿಡುತ್ತ. ಮೊಣಕಾಲುಗಳು ಒಳಗೆ ಒಂದಕ್ಕೊಂದು ವಾಲಬಾರದು, ಕಾಲ್ಬೆರಳಿನ ದಿಕ್ಕಿಗೇ ಇರಬೇಕು. ಪೂರ್ತಿ ನಿಂತಮೇಲೆ ಪೃಷ್ಠ ಬಿಗಿ ಮಾಡಿ. ಕೂರುವಾಗ ಧೊಪ್ಪನೆ ಬೀಳಬೇಡಿ, ಒಂದು, ಎರಡು, ಮೂರು ಎಂದು ಎಣಿಸುತ್ತ ಇಳಿಯಿರಿ. ನಿಧಾನವಾಗಿ ಇಳಿಯುವಾಗ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯುತ್ತದೆ. ಬಲ ಬೆಳೆಸುವುದರಲ್ಲಿ ಈ ಇಳಿತದ ಪಾಲು ದೊಡ್ಡದು, ಎಲ್ಲರೂ ಕಳ್ಳಬೀಳುವುದೂ ಇಲ್ಲೇ.

ಕೈ ಊರದೆ ಆಗದವರು ಕುರ್ಚಿಯ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರಿಸಿಕೊಳ್ಳಿ. ಸುಲಭವಾದವರು ಎದೆಗೆ ಐದು ಕೆಜಿ ಅಕ್ಕಿ ಚೀಲ ಅಪ್ಪಿಕೊಂಡು ಮಾಡಿ, ಆಮೇಲೆ ಕುರ್ಚಿ ತೆಗೆದು ಬಸ್ಕಿಗೆ ಬನ್ನಿ. ಬಸ್ಕಿ ಎಂದರೆ ನಮ್ಮಲ್ಲಿ ಬಹಳ ಜನರಿಗೆ ಕಿವಿ ಹಿಡಿದು ಹೊಡೆದ ಶಾಲೆಯ ಶಿಕ್ಷೆಯೇ ನೆನಪಾಗುತ್ತದೆ, ಅದೊಂದು ಅನ್ಯಾಯ. ಮೈಸೂರಿನ ಗರಡಿಮನೆಗಳಲ್ಲಿ ಪೈಲ್ವಾನರ ತಾಲೀಮಿನ ಬುನಾದಿಯೇ ಬಸ್ಕಿ ಮತ್ತು ದಂಡ. ದಸರಾ ಕುಸ್ತಿಗೆ ಇಳಿಯುವವರ ತೊಡೆ ನೋಡಿದರೆ ಬೇರೆ ಸಾಕ್ಷಿ ಬೇಡ. ಆದರೆ ಅವರಂತೆ ನೂರಾರು ಹೊಡೆಯುವುದು ನಮ್ಮ ಗುರಿಯಲ್ಲ. ಎಣಿಕೆ ಏರಿಸುತ್ತ ಹೋದರೆ ದಮ್ಮು ಬೆಳೆಯುತ್ತದೆ. ಬಲ ಬೆಳೆಯಲು ಭಾರ ಏರಬೇಕು.

ಎರಡನೆಯದು ತಳ್ಳುವುದು. ಗೋಡೆಯಿಂದ ಒಂದು ತೋಳಳತೆ ದೂರ ನಿಂತು, ಅಂಗೈಗಳನ್ನು ಎದೆಯ ಮಟ್ಟದಲ್ಲಿ ಊರಿ, ಮೈ ಹಲಗೆಯಂತೆ ನೇರ ಇಟ್ಟು ಗೋಡೆಯತ್ತ ಬಾಗಿ, ತಳ್ಳಿ ವಾಪಸು ಬನ್ನಿ. ಸುಲಭವಾದಮೇಲೆ ಅಡುಗೆಮನೆಯ ಕಟ್ಟೆ, ಆಮೇಲೆ ಗಟ್ಟಿ ಮಂಚದ ಅಂಚು, ಕೊನೆಗೆ ನೆಲ. ನೆಲದ ಮೇಲೆ ಬಂದರೆ ಅದೇ ದಂಡ.

ಮೂರನೆಯದು ಎಳೆಯುವುದು. ಎಡಗೈಯನ್ನು ಕುರ್ಚಿಯ ಮೇಲೂರಿ, ಬೆನ್ನು ನೇರವಾಗಿಟ್ಟು ಬಾಗಿ, ಬಲಗೈಯಲ್ಲಿ ನೀರಿನ ಬಾಟಲಿ ತುಂಬಿದ ಚೀಲವನ್ನು ಪಕ್ಕೆಲುಬಿನ ತನಕ ಎಳೆಯಿರಿ. ಎರಡು ಲೀಟರಿನ ಬಾಟಲಿ ಒಂದಕ್ಕೆ ಎರಡು ಕೆಜಿ, ಲೆಕ್ಕ ಸುಲಭ. ಮೊಣಕೈ ಮೈಗೆ ಹತ್ತಿರವೇ ಇರಲಿ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಭುಜ ಬಗ್ಗಿಸಿ ಕೂರುವವರಿಗೆ ಆರರಲ್ಲಿ ಅತ್ಯಗತ್ಯವಾದದ್ದು ಇದು.

ನಾಲ್ಕನೆಯದು: ಬೆನ್ನ ಮೇಲೆ ಮಲಗಿ, ಮೊಣಕಾಲು ಮಡಚಿ, ಪಾದ ನೆಲಕ್ಕೂರಿ ಸೊಂಟವನ್ನು ಮೇಲೆತ್ತುವುದು. ಭುಜದಿಂದ ಮೊಣಕಾಲಿನವರೆಗೆ ಒಂದೇ ಗೆರೆ ಬರಲಿ, ಎರಡು ಎಣಿಕೆ ಹಿಡಿದು ಇಳಿಸಿ. ಐದನೆಯದು ಹಿಮ್ಮಡಿ ಎತ್ತುವುದು: ಗೋಡೆಗೆ ಬೆರಳು ತಾಗಿಸಿ ನಿಂತು ತುದಿಗಾಲಿಗೆ ಏರಿ, ನಿಧಾನವಾಗಿ ಇಳಿಯಿರಿ. ಎರಡೂ ಕಾಲು ಸುಲಭವಾದರೆ ಒಂದೊಂದೇ ಕಾಲು. ಆರನೆಯದು ಹೊತ್ತು ನಡೆಯುವುದು. ಎರಡೂ ಕೈಯಲ್ಲಿ ಸಮಭಾರದ ಚೀಲ ಹಿಡಿದು, ಎದೆ ಎತ್ತಿ, ಹಜಾರದಲ್ಲಿ ಒಂದು ನಿಮಿಷ ಓಡಾಡಿ. ಮುಂಗೈ ಹಿಡಿತ, ಭುಜ, ಹೊಟ್ಟೆ, ಬೆನ್ನು ಎಲ್ಲಕ್ಕೂ ಒಟ್ಟಿಗೆ ಕೆಲಸ. ಕೆ.ಆರ್. ಮಾರ್ಕೆಟ್ಟಿನಿಂದ ತರಕಾರಿ ಹೊತ್ತು ಬಸ್‌ಸ್ಟಾಪಿಗೆ ನಡೆಯುವವರು ಇದನ್ನು ವ್ಯಾಯಾಮ ಎಂದು ಕರೆಯದೆಯೇ ಮಾಡುತ್ತಿದ್ದಾರೆ.

ಅರವತ್ತು ದಾಟಿದವರು ಕೊನೆಗೆ ಗೋಡೆಯ ಪಕ್ಕ ಒಂಟಿಕಾಲಲ್ಲಿ ನಿಲ್ಲುವುದನ್ನೂ ಸೇರಿಸಿಕೊಳ್ಳಿ. ಯೋಗ ಮಾಡುವವರು ಎಲ್ಲವನ್ನೂ ಬದಲಿಸಬೇಕಿಲ್ಲ. ಉತ್ಕಟಾಸನ, ವೀರಭದ್ರಾಸನಗಳು ತೊಡೆಗೆ ಒಳ್ಳೆಯ ಕೆಲಸ ಕೊಡುತ್ತವೆ. ಯೋಗದಲ್ಲಿ ಕಡಿಮೆ ಬೀಳುವುದು ಎಳೆಯುವ ಚಲನೆ, ಮೂರನೆಯದನ್ನು ಅದಕ್ಕೆ ಜೋಡಿಸಿಕೊಳ್ಳಿ.

ಮೂರನೇ ಹೆಜ್ಜೆ: ಭಾರ ಏರಿಸುವ ಲೆಕ್ಕ

ಮೊದಲ ಐದು ಚಲನೆಗಳನ್ನು 8ರಿಂದ 12 ಸಲ ಮಾಡಿ, ಒಂದೆರಡು ನಿಮಿಷ ಸುಧಾರಿಸಿಕೊಂಡು ಮತ್ತೆ ಮಾಡಿ. ಹೀಗೆ ಎರಡು ಸುತ್ತು, ರೂಢಿಯಾದಮೇಲೆ ಮೂರು. ಕೊನೆಯ ಸಲ ಮುಗಿದಾಗ ‘ಇನ್ನೂ ಎರಡೋ ಮೂರೋ ಆಗುತ್ತಿತ್ತು, ಅದಕ್ಕಿಂತ ಹೆಚ್ಚಿಲ್ಲ’ ಅನ್ನಿಸಬೇಕು. ದೊಡ್ಡ ಗುಂಪುಗಳಿಗೆ ಕರೆ ಹೋಗುವುದು ಈ ಕಷ್ಟದ ಕೊನೆಯ ಎಣಿಕೆಗಳಲ್ಲೇ. ಹನ್ನೆರಡೂ ಹರಟೆ ಹೊಡೆಯುತ್ತ ಮುಗಿದರೆ ಭಾರ ಸಾಲದು. ಎಲ್ಲ ಸುತ್ತುಗಳಲ್ಲೂ 12 ಸಲೀಸಾದ ವಾರ ಒಂದು ಬಾಟಲಿ ಹೆಚ್ಚಿಸಿ, ಅಥವಾ ಕಟ್ಟೆಯಿಂದ ಮಂಚಕ್ಕೆ ಇಳಿಯಿರಿ. ಎಣಿಕೆ 8ಕ್ಕೆ ಬೀಳುತ್ತದೆ, ಮತ್ತೆ 12ರತ್ತ ಏರಿ. ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಭಾರ, ಎಣಿಕೆ ಗೀಚಿಟ್ಟರೆ ಸಾಕು, ಆ್ಯಪ್ ಬೇಕಿಲ್ಲ.

ಉಸಿರು ಬಿಗಿ ಹಿಡಿಯಬೇಡಿ, ಬಿಪಿ ತಟ್ಟನೆ ಏರುತ್ತದೆ. ಕಷ್ಟದ ಹೊತ್ತಿಗೆ ಉಸಿರು ಹೊರಗೆ, ಇಳಿಯುವಾಗ ಒಳಗೆ.

ವಾರಕ್ಕೆ ಎರಡೋ ಮೂರೋ ದಿನ, ನಡುವೆ ಒಂದು ದಿನ ಬಿಡುವು. ಸೋಮವಾರ, ಬುಧವಾರ, ಶುಕ್ರವಾರ ಎಂದಿಟ್ಟುಕೊಳ್ಳಿ. ಬಿಡುವು ಸೋಮಾರಿತನವಲ್ಲ. ಭಾರ ಎತ್ತುವಾಗ ಸ್ನಾಯು ಬೆಳೆಯುವುದಿಲ್ಲ. ಬೆಳೆಯುವ ಸೂಚನೆ ಆಗ ಸಿಗುತ್ತದೆ, ಕಟ್ಟುವ ಕೆಲಸ ಆಮೇಲಿನ ಒಂದೆರಡು ದಿನ ನಡೆಯುತ್ತದೆ. ಎಳೆಗಳ ಮೇಲ್ಮೈಗೆ ಅಂಟಿಕೊಂಡು ಸುಮ್ಮನೆ ಕೂತಿರುವ ಉಪಕೋಶಗಳು ಎಚ್ಚೆತ್ತು ಹೊಸ ಕೋಶಕೇಂದ್ರಗಳನ್ನು ಒದಗಿಸುತ್ತವೆ, ಪ್ರೋಟೀನು ಹೊಸ ತಂತುಗಳಾಗುತ್ತದೆ. ರಾತ್ರಿ ಏಳೆಂಟು ಗಂಟೆ ನಿದ್ದೆ ಕೊಡದೆ ಈ ಕೆಲಸ ಸರಿಯಾಗಿ ಆಗದು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು, ಯಾರೂ ಮಾಡುವುದಿಲ್ಲ.

ನಾಲ್ಕನೇ ಹೆಜ್ಜೆ: ತಟ್ಟೆಯ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ ಒಂದು ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಇರಲಿ ಎನ್ನುತ್ತಾರೆ ಹಿರಿಯರ ಪೋಷಣೆಯ ತಜ್ಞರು. ಅಂದರೆ 60 ಕೆಜಿ ತೂಕದ ಅಮ್ಮನಿಗೆ 60ರಿಂದ 72 ಗ್ರಾಂ.

ಈಗ ಆ ಅಮ್ಮನ ಮಾಮೂಲಿ ಸಸ್ಯಾಹಾರದ ದಿನ ನೋಡೋಣ. ಎರಡು ಕಾಫಿಯ ಹಾಲಿನಲ್ಲಿ 3 ಗ್ರಾಂ. ಒಂದು ತಟ್ಟೆ ಉಪ್ಪಿಟ್ಟಿನಲ್ಲಿ 6. ಮಧ್ಯಾಹ್ನ ನೂರು ಗ್ರಾಂ ಅಕ್ಕಿಯ ಅನ್ನದಲ್ಲಿ 8, ತೆಳು ತಿಳಿಸಾರಿನಲ್ಲಿ 3, ಪಲ್ಯದಲ್ಲಿ 2, ನೀರು ಮಜ್ಜಿಗೆಯಲ್ಲಿ 2. ಸಂಜೆ ಮಂಡಕ್ಕಿಯಲ್ಲಿ 2. ರಾತ್ರಿ ಮೂರು ಚಪಾತಿಯಲ್ಲಿ 8, ಪಲ್ಯದಲ್ಲಿ 2, ಬಟ್ಟಲು ಮೊಸರಿನಲ್ಲಿ 3. ಕೂಡಿಸಿದರೆ ಹೆಚ್ಚುಕಮ್ಮಿ 40. ಹೊಟ್ಟೆ ತುಂಬಿದೆ, ಸ್ನಾಯು ಉಪವಾಸ.

ಅಡುಗೆ ಬದಲಿಸದೆ ಅದನ್ನೇ ಸ್ವಲ್ಪ ತಿರುಗಿಸಿ. ಉಪ್ಪಿಟ್ಟಿನ ಬದಲು 40 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ ಮಾಡಿದರೆ 10 ಗ್ರಾಂ ಸಿಗುತ್ತದೆ. ತಿಳಿಸಾರಿನ ಜಾಗಕ್ಕೆ ಒಬ್ಬರಿಗೆ 30 ಗ್ರಾಂ ಬೇಳೆ ಬೀಳುವ ಗಟ್ಟಿ ಹುಳಿ ಬಂದರೆ 6. ಮಂಡಕ್ಕಿಗೆ ಬದಲು ಹಿಡಿ ಹುರಿದ ಶೇಂಗಾ, 7. ರಾತ್ರಿಯ ಊಟಕ್ಕೆ 40 ಗ್ರಾಂ ಕಡಲೆಯ ಉಸಲಿ ಜೊತೆಯಾದರೆ 8, ಮಲಗುವ ಮುಂಚೆ ಒಂದು ಲೋಟ ಹಾಲಿಗೆ 6. ಮೊತ್ತ 65 ಗ್ರಾಂ ಮುಟ್ಟುತ್ತದೆ. ಮೊಟ್ಟೆ ತಿನ್ನುವವರಿಗೆ ಎರಡು ಮೊಟ್ಟೆಗೆ 12, ಮೀನು ಕೋಳಿ ತಿನ್ನುವವರಿಗೆ ನೂರು ಗ್ರಾಂಗೆ 20ರ ಹತ್ತಿರ. ಹುರುಳಿ ಸಾರು ಮಾಡುವವರಿಗೆ ಒಂದು ಮಾತು: ಕಟ್ಟು ಬಸಿದು ಕುಡಿದು ಕಾಳನ್ನು ದನಕ್ಕೆ ಹಾಕಿದರೆ ಪ್ರೋಟೀನಿನ ಬಹುಪಾಲು ದನಕ್ಕೇ ಹೋಗುತ್ತದೆ. ಕಾಳಿನ ಪಲ್ಯವನ್ನೂ ತಿನ್ನಿ. ರಾಗಿಯಿಂದ ಕ್ಯಾಲ್ಸಿಯಂ ಧಾರಾಳ ಸಿಗುತ್ತದೆ, ನೂರು ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು, ಆದರೆ ಪ್ರೋಟೀನು 7 ಗ್ರಾಂ ಅಷ್ಟೇ. ಮುದ್ದೆಗೆ ಬಲ ಬರುವುದು ಜೊತೆಗಿನ ಕಾಳಿನ ಸಾರಿನಿಂದ.

ಮೂರೂ ಹೊತ್ತಿಗೆ ಹಂಚಿ ತಿನ್ನುವುದು ಒಳ್ಳೆಯದು. ವಯಸ್ಸಾದಂತೆ ಸ್ನಾಯು ಸಣ್ಣ ಪ್ರಮಾಣದ ಪ್ರೋಟೀನಿಗೆ ಓಗೊಡುವುದು ಕಡಿಮೆಯಾಗುತ್ತದೆ, ಬೆಳಗಿನ ತಿಂಡಿಯಲ್ಲೇ ಒಂದಿಷ್ಟು ಗಟ್ಟಿಯಾಗಿ ಬೀಳಬೇಕು. ಡಬ್ಬಿಯ ಪೌಡರು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2024ರ ಆಹಾರ ಮಾರ್ಗಸೂಚಿ ಮೈಕಟ್ಟು ಬೆಳೆಸಲು ಪ್ರೋಟೀನ್ ಪೌಡರ್ ಬೇಡ ಎಂದೇ ಹೇಳಿದೆ. ಮೇಲಿನ ಲೆಕ್ಕ ನೋಡಿದರೆ ಅದರ ಅಗತ್ಯ ಬೀಳುವುದೂ ಅಪರೂಪ. ಕಿಡ್ನಿ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನು ಏರಿಸಬಾರದು.

ಮೈ ನೋವು, ಸೆಳೆತ, ಹಾಸಿಗೆ ಹಿಡಿಯುವುದು

ಶುರು ಮಾಡಿದ ಮರುದಿನ, ಅದರ ಮರುದಿನ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯಲಾಗದಷ್ಟು ನೋಯಬಹುದು. ಲ್ಯಾಕ್ಟಿಕ್ ಆಸಿಡ್ ಕೂತಿದೆ ಎಂದು ಜಿಮ್ಮುಗಳಲ್ಲಿ ಹೇಳುವುದು ಹಳೇ ಮಾತು. ಅದು ಒಂದೆರಡು ಗಂಟೆಯಲ್ಲೇ ಖಾಲಿಯಾಗಿರುತ್ತದೆ. ಹೊಸ ಭಾರಕ್ಕೆ ಎಳೆಗಳಲ್ಲಿ ಆದ ಸಣ್ಣ ಸಣ್ಣ ಸೀಳು ಮತ್ತು ಅದರ ರಿಪೇರಿಯ ಉರಿಯೂತ ಈ ನೋವಿಗೆ ಕಾರಣ. ಎರಡನೇ ದಿನ ಏರಿ ತಾನಾಗಿ ಇಳಿಯುತ್ತದೆ, ಎರಡನೇ ವಾರದಲ್ಲಿ ಅಷ್ಟು ಬರುವುದೇ ಇಲ್ಲ. ಬಿಸಿನೀರು, ಸಣ್ಣ ನಡಿಗೆ ಸಾಕು. ಕೀಲಿನೊಳಗೆ ಚುಚ್ಚುವ, ಮಾಡುತ್ತಿರುವಾಗಲೇ ಹೆಚ್ಚುವ ನೋವು ಬೇರೆ. ಅದು ಬಂದರೆ ಆ ಚಲನೆಯನ್ನು ನಿಲ್ಲಿಸಿ.

ರಾತ್ರಿ ಮೀನಖಂಡ ಹಿಡಿದುಕೊಂಡರೆ ಕಾಲು ನೀಡಿ, ಪಾದವನ್ನು ನಿಮ್ಮ ಕಡೆಗೆ ಎಳೆದು ಹಿಡಿಯಿರಿ, ಅಥವಾ ಎದ್ದು ಹಿಮ್ಮಡಿ ಊರಿ ನಿಲ್ಲಿ. ಅರ್ಧ ನಿಮಿಷದಲ್ಲಿ ಬಿಡುತ್ತದೆ. ಪದೇ ಪದೇ ಆಗುವವರು ಮಲಗುವ ಮುಂಚೆ ಗೋಡೆಗೆ ಕೈಯೂರಿ ಮೀನಖಂಡವನ್ನು ಹಿಗ್ಗಿಸುವ ಅಭ್ಯಾಸ ಇಟ್ಟುಕೊಳ್ಳಿ.

ಜ್ವರ, ಆಪರೇಷನ್ ಎಂದು ಹಾಸಿಗೆ ಹಿಡಿದಾಗ ಸ್ನಾಯು ಕರಗುವ ವೇಗ ಗಾಬರಿ ಹುಟ್ಟಿಸುತ್ತದೆ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿರಿಸಿದಾಗ ಕಾಲುಗಳಿಂದಲೇ ಸುಮಾರು ಒಂದು ಕೆಜಿ ಕೊಬ್ಬಲ್ಲದ ಅಂಗಾಂಶ ಕಡಿಮೆಯಾಗಿತ್ತು. ‘ಅಜ್ಜಿಗೆ ಹುಷಾರಿಲ್ಲ, ಏಳಬೇಡಿ, ಎಲ್ಲ ಕೈಗೇ ತಂದುಕೊಡುತ್ತೇವೆ’ ಎನ್ನುವ ಪ್ರೀತಿ ಇಲ್ಲಿ ಅಪಾಯ. ವೈದ್ಯರು ಒಪ್ಪಿದರೆ ಊಟಕ್ಕಾದರೂ ಎಬ್ಬಿಸಿ ಕುರ್ಚಿಗೆ ಕರೆತನ್ನಿ. ಮಲಗಿದಲ್ಲೇ ತೊಡೆ ಬಿಗಿ ಮಾಡಿ ಬಿಡಲು, ಪಾದ ಆಡಿಸಲು ಹೇಳಿ. ಗಂಜಿಯ ಜೊತೆ ಬೇಳೆಕಟ್ಟು, ಹಾಲು, ಮೊಟ್ಟೆ ಏನಾದರೊಂದು ಇರಲಿ.

ವೈದ್ಯರ ಬಳಿ ಯಾವಾಗ ಹೋಗಬೇಕು

ಹಟಕ್ಕೆ ಬಿದ್ದು ಒಂದೇ ದಿನ ವಿಪರೀತ ವ್ಯಾಯಾಮ ಮಾಡಿದಮೇಲೆ ಸ್ನಾಯು ಊದಿಕೊಂಡು, ಮೂತ್ರ ಕಡು ಕಾಫಿ ಬಣ್ಣಕ್ಕೆ ತಿರುಗಿದರೆ ಒಂದು ಗಂಟೆಯೂ ಕಾಯಬೇಡಿ. ಒಡೆದ ಸ್ನಾಯುವಿನ ವಸ್ತು ರಕ್ತಕ್ಕೆ ಸೇರಿ ಕಿಡ್ನಿಯನ್ನು ಕೆಡಿಸುವ ಸ್ಥಿತಿ ಅದು. ಒಂದು ಕೈ ಅಥವಾ ಕಾಲು ಇದ್ದಕ್ಕಿದ್ದಂತೆ ಸೋತರೆ, ಬಾಯಿ ಸೊಟ್ಟಗಾದರೆ, ಅದು ಲಕ್ವ ಇರಬಹುದು, ನೇರ ಆಸ್ಪತ್ರೆಗೆ. ಒಂದೇ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಉಜ್ಜಬೇಡಿ. ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು.

ಅವಸರವಿಲ್ಲದ, ಆದರೆ ತೋರಿಸಬೇಕಾದವು ಬೇರೆ. ತಿಂಗಳುಗಟ್ಟಲೆ ಎರಡೂ ತೊಡೆ, ಎರಡೂ ಭುಜ ಸೋತು ನೆಲದಿಂದ ಏಳಲು, ತಲೆ ಬಾಚಲು ಕಷ್ಟವಾದರೆ ವಿಟಮಿನ್ ಡಿ ಕೊರತೆ, ಥೈರಾಯ್ಡ್, ಇಲ್ಲವೇ ಸ್ನಾಯುವಿನದೇ ಕಾಯಿಲೆ ಇರಬಹುದು. ರಕ್ತ ಪರೀಕ್ಷೆಯಿಂದ ಬಹಳಷ್ಟು ತಿಳಿಯುತ್ತದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳಿಂದ ಕೆಲವರಿಗೆ ಸ್ನಾಯು ನೋವು ಬರುತ್ತದೆ. ನೋವಿದೆ ಎಂದು ನೀವೇ ನಿಲ್ಲಿಸಬೇಡಿ, ಬೇರೆ ಮಾತ್ರೆಗೋ ಬೇರೆ ಪ್ರಮಾಣಕ್ಕೋ ವೈದ್ಯರು ಬದಲಿಸುತ್ತಾರೆ. ಹೋಗುವಾಗ ನುಂಗುತ್ತಿರುವ ಮಾತ್ರೆಗಳ ಹಾಳೆಗಳನ್ನೆಲ್ಲ, ಅಂಗಡಿಯಿಂದ ನೀವೇ ತಂದುಕೊಂಡದ್ದೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಐದು ಸಲ ಕುರ್ಚಿಯಿಂದ ಏಳಲು ಈಗ ಎಷ್ಟು ಸೆಕೆಂಡು ಹಿಡಿಯುತ್ತದೆ, ಆರು ತಿಂಗಳ ಹಿಂದೆ ಎಷ್ಟು ಹಿಡಿಯುತ್ತಿತ್ತು ಎಂಬುದನ್ನೂ ಚೀಟಿಯಲ್ಲಿ ಬರೆದು ಕೊಡಿ. ‘ಯಾಕೋ ನಿಶ್ಶಕ್ತಿ ಡಾಕ್ಟ್ರೇ’ ಎನ್ನುವುದಕ್ಕಿಂತ ಆ ಚೀಟಿ ಅವರಿಗೆ ಹೆಚ್ಚು ಹೇಳುತ್ತದೆ.